ಸಾದಾ ಮೊಬೈಲ್ ಫೋನು: ಕೊಳ್ಳುವ ಮುನ್ನ ವಿಚಾರಿಸತಕ್ಕ ಸಂಗತಿಗಳು

ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯಲ್ಲಿ ಬೇಸಾಯದ ಕೆಲಸಗಳು ಬಹುಮಟ್ಟಿಗೆ ಸಕಾಲದ ಸುದ್ದಿಯನ್ನು ಅವಲಂಬಿಸಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವವರಿಗೆ ನೀರು ಬರುವ ದಿನವೂ, ಎರೆಭೂಮಿಯಲ್ಲಿ ಹತ್ತಿ ತೊಗರಿ ಬೆಳೆಯುವವರಿಗೆ ಪೇಟೆಯ ಧಾರಣೆಯೂ ತಿಳಿದಿರಬೇಕು. ಇಷ್ಟಕ್ಕೆ ಹೆಚ್ಚು ಬೆಲೆಯ ಸ್ಮಾರ್ಟ್‌ಫೋನು ಅವಶ್ಯವೇ, ಗುಂಡಿ ಒತ್ತುವ ಅಗ್ಗದ ಸಾದಾ ಫೋನು ಸಾಲದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

1. ಅನುಕೂಲಗಳು.— ಮಿತವಾಗಿ ಬಳಸುವವರಿಗೆ ಸಾದಾ ಫೋನು ಒಮ್ಮೆ ಚಾರ್ಜು ಮಾಡಿದರೆ ಕೆಲವು ದಿನಗಳವರೆಗೆ ನಡೆಯುವುದು. ಕೆಸರುಗೈಯಿಂದಲೂ ಗುಂಡಿ ಒತ್ತಬಹುದು. ಕಳೆದುಹೋದರೆ ನಷ್ಟವೂ ಅಲ್ಪ. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕರೆಮಾಡಿ, ಬೆಳೆಯ ರೋಗ ಕೀಟಗಳ ವಿಷಯದಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು. ಬ್ಯಾಂಕಿನಲ್ಲಿ ಸಂಖ್ಯೆಯನ್ನು ನೋಂದಾಯಿಸಿದ್ದರೆ, *99# ಒತ್ತಿ ಅಂತರ್ಜಾಲವಿಲ್ಲದೆಯೇ ಖಾತೆಯ ಶಿಲ್ಕನ್ನು ನೋಡಬಹುದು.

2. ಕೊರತೆ.— ಬೆಳೆ ಸಮೀಕ್ಷೆಯ ಆ್ಯಪ್ ಸಾದಾ ಫೋನಿನಲ್ಲಿ ನಡೆಯದು. 2020ರಿಂದ ರೈತರೇ ಹೊಲದಲ್ಲಿ ನಿಂತು ಬೆಳೆಯ ಛಾಯಾಚಿತ್ರ ತೆಗೆದು ಇದರಲ್ಲಿ ದಾಖಲಿಸಲು ಅವಕಾಶವಿದೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆಹಾನಿ ಪರಿಹಾರ ಇವುಗಳಿಗೆ ಈ ದಾಖಲೆಯು ಆಧಾರವಾಗುವುದು. ತೊಗರಿಯ ಹೊಲವು ಹತ್ತಿಯೆಂದು ದಾಖಲಾದರೆ ಹಾನಿಯು ಫೋನಿನ ಬೆಲೆಗಿಂತ ಬಹುಪಾಲು ಹೆಚ್ಚು. ಆದುದರಿಂದ ಮನೆಯಲ್ಲಿ ಒಬ್ಬರ ಬಳಿಯಾದರೂ ಸ್ಮಾರ್ಟ್‌ಫೋನು ಇರುವುದು ಲೇಸು; ಇಲ್ಲದವರು ಸಮೀಕ್ಷೆಗೆ ಬಂದವರೊಡನೆ ತಾವೇ ಹೊಲಕ್ಕೆ ಹೋಗಿ ಬೆಳೆಯನ್ನು ತೋರಿಸತಕ್ಕದ್ದು.

3. ಕೊಳ್ಳುವ ಕ್ರಮ.— (ಅ) ತಮ್ಮ ಸಿಮ್ಮನ್ನು ಅಂಗಡಿಗೆ ಒಯ್ದು, ಹಾಕಿ, ಮಾತನಾಡಿ ನೋಡಬೇಕು. ಜಿಯೋ ಸಂಸ್ಥೆಗೆ 2ಜಿ ಜಾಲವಿಲ್ಲವಾದ್ದರಿಂದ 2ಜಿ ಫೋನಿನಲ್ಲಿ ಅದರ ಸಿಮ್ಮು ನಡೆಯದು. ಕೆಲವು ಅಗ್ಗದ ಫೋನುಗಳು ಒಂದೇ ಸಂಸ್ಥೆಯ ಸಿಮ್ಮಿಗೆ ಮಾತ್ರ ಹೊಂದುವುವು. (ಆ) ಕನ್ನಡದ ಸಂದೇಶವೊಂದನ್ನು ತರಿಸಿಕೊಂಡು ಅಕ್ಷರಗಳು ಸರಿಯಾಗಿ ಮೂಡುವುವೇ ಎಂದು ಪರೀಕ್ಷಿಸಬೇಕು. (ಇ) *#06# ಒತ್ತಿದಾಗ ಕಾಣುವ 15 ಅಂಕಿಗಳ ಸಂಖ್ಯೆಯು ಪೆಟ್ಟಿಗೆಯ ಮೇಲಿನ ಸಂಖ್ಯೆಗೆ ಸರಿಹೊಂದಬೇಕು. ರಸೀದಿಯನ್ನು ಜೋಪಾನವಾಗಿಡಬೇಕು, ಫೋನು ಕಳುವಾದಲ್ಲಿ ಅದನ್ನು ನಿರ್ಬಂಧಿಸಲು ಈ ಸಂಖ್ಯೆ ಉಪಯುಕ್ತ.

4. ವೆಚ್ಚ.— ಕೊಂಡ ಬೆಲೆಗಿಂತ ವರ್ಷವರ್ಷದ ರೀಚಾರ್ಜಿನ ವೆಚ್ಚವೇ ಹೆಚ್ಚಾಗಬಹುದು. ಮಾತು ಮತ್ತು ಸಂದೇಶಗಳಿಗೆ ಮಾತ್ರ ಪ್ರತ್ಯೇಕ ರೀಚಾರ್ಜು ಇರಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಡಿಸೆಂಬರಿನಲ್ಲಿ ವಿಧಿಸಿದೆ. ಅಂತರ್ಜಾಲ ಬೇಡವಾದವರು ಅದನ್ನೇ ಹೆಸರಿಸಿ ಕೇಳತಕ್ಕದ್ದು.

5. ಸಂಖ್ಯೆಯ ರಕ್ಷಣೆ.— ಫೋನು ಹೋದರೆ ಇನ್ನೊಂದನ್ನು ಕೊಳ್ಳಬಹುದು. ಆದರೆ ಬ್ಯಾಂಕು ಮತ್ತು ಆಧಾರಿಗೆ ಜೋಡಿಸಿದ ಸಂಖ್ಯೆಯು ಜಮೀನಿನ ಪಹಣಿಯಷ್ಟೇ ಬೆಲೆಯುಳ್ಳದ್ದು. ಸತತವಾಗಿ 90 ದಿನ ಬಳಸದಿದ್ದರೆ ಸಂಖ್ಯೆಯು ರದ್ದಾಗಿ, ಮುಂದೆ ಬೇರೊಬ್ಬರ ಪಾಲಾಗಬಹುದು. ಅಕ್ಷರ ಬಾರದ ಹಿರಿಯರು ಓಟಿಪಿಯನ್ನು ಓದಿಸಲು ಕಂಡಕಂಡವರ ಕೈಗೆ ಫೋನು ಕೊಡಬಾರದು. ಮನೆಯ ನಂಬಿಗಸ್ತರೊಬ್ಬರಿಂದಲೇ ಓದಿಸಬೇಕು. ಫೋನು ಸಾದಾ ಆದ ಮಾತ್ರಕ್ಕೆ ಮೋಸ ತಪ್ಪುವುದಿಲ್ಲ. ಹಣ ಹೋದಲ್ಲಿ ಕ್ಷಣವೂ ತಡಮಾಡದೆ 1930ಕ್ಕೆ ತಿಳಿಸತಕ್ಕದ್ದು.

ಸಾರಾಂಶವೇನೆಂದರೆ, ಮಾತಿಗೆ ಮಾತ್ರ ಫೋನು ಬಳಸುವ ಹಿರಿಯರಿಗೂ ಆಳುಗಳಿಗೂ ಸಾದಾ ಫೋನು ಸಾಕು. ಮನೆಗೆಲ್ಲ ಅದೊಂದೇ ಸಾಲದು. ಗ್ರಾಮದ ಮುಖ್ಯಸ್ಥರು ಬೆಳೆ ಸಮೀಕ್ಷೆಯ ಕಾಲದಲ್ಲಿ, ಸಾದಾ ಫೋನು ಮಾತ್ರವಿರುವ ಮನೆಗಳನ್ನು ಗುರುತಿಸಿ, ಅವರ ಹೊಲಗಳು ಬಿಟ್ಟುಹೋಗದಂತೆ ನೋಡಿಕೊಂಡರೆ ಊರಿಗೆ ಮಹದುಪಕಾರವಾಗುವುದು.