ಒಂದೇ ಬೆಂಚಿಗೆ ಒಂದೇ ಪುಸ್ತಕ: ಮಾಡಬೇಕಾದ್ದು, ಮಾಡಬಾರದ್ದು

ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ಅಂಗವಿಕಲ ಮಕ್ಕಳೂ ಜೊತೆಗೆ ಕಲಿಯುವ ಸಮನ್ವಯ ತರಗತಿಗಳಿಗೆ ಕಥೆಪುಸ್ತಕ ಬರೆಯುವವರು, ಚಿತ್ರ ಬಿಡಿಸುವವರು, ಡಿಟಿಪಿ ಮಾಡುವವರು, ಅಚ್ಚು ಹಾಕುವವರು ಇದನ್ನು ಕೆಲಸ ಶುರುಮಾಡುವ ಮೊದಲೇ ಓದಬೇಕು. ಇದು ದಾನದ ಕೆಲಸವಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಪ್ರಕಾರ ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ ಉಚಿತವಾಗಿ ಸಿಗಬೇಕು.

ಮಾಡಬೇಕಾದ್ದು

ಅಚ್ಚೂ ಬ್ರೈಲೂ ಒಂದೇ ಪುಟದಲ್ಲಿರಲಿ. ಅಚ್ಚಾದ ಪುಟದ ಮೇಲೆ ಬ್ರೈಲ್ ಮೂಡಿಸಿದ ಪಾರದರ್ಶಕ ಹಾಳೆ ಸೇರಿಸಿ. ಆಗ ಬ್ರೈಲ್ ಬಾರದ ಅಕ್ಕೋರು, ಪಕ್ಕದ ಗೆಳತಿ, ಮನೆಯಲ್ಲಿ ಆಯಿ, ಎಲ್ಲರೂ ಅದೇ ಸಾಲನ್ನು ಮಗುವಿನ ಜೊತೆ ಓದಬಹುದು. ಬೇರೆ ಪುಸ್ತಕ ಕೊಟ್ಟರೆ ಮಗು ಅದೇ ಬೆಂಚಿನಲ್ಲಿ ಕೂತೂ ಒಂಟಿ.

ಮಾತು ಕಡಿಮೆ ಇರಲಿ. ಬ್ರೈಲಿನಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಸಾಲಿನಲ್ಲೇ ಕೂರುತ್ತದೆ. ‘ಅಮ್ಮ’ ಎಂಬ ಎರಡಕ್ಷರಕ್ಕೆ ಅಲ್ಲಿ ನಾಲ್ಕು ಮನೆ (ಸೆಲ್) ಬೇಕು.

ಅಚ್ಚಿನ ಅಕ್ಷರ 18 ಪಾಯಿಂಟಿಗಿಂತ ಚಿಕ್ಕದಾಗಕೂಡದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ದ ಮತ್ತು ಧ ನಡುವೆ ಇರುವುದು ಒಂದು ಸಣ್ಣ ಗೀರು. ಶಾಯಿ ಕಟ್ಟಿಕೊಂಡರೆ ದನವೂ ಧನವೂ ಒಂದೇ. ಟೈಪಿಂಗ್ ಯೂನಿಕೋಡಿನಲ್ಲೇ ಆಗಬೇಕು. ಹಳೆಯ ಆಸ್ಕಿ ಫಾಂಟಿನ ಕಡತವನ್ನು ಓದಿ ಹೇಳುವ ತಂತ್ರಾಂಶಕ್ಕೆ ಕೊಟ್ಟರೆ ಬರುವುದು ಕನ್ನಡವಲ್ಲ, ಗದ್ದಲ.

ಮುಟ್ಟುವ ಚಿತ್ರವನ್ನು ಹೊಸದಾಗಿಯೇ ಯೋಚಿಸಬೇಕು. ದೂರದ ಪಾತಿ ದೋಣಿ ಸಣ್ಣದು, ಹತ್ತಿರದ್ದು ದೊಡ್ಡದು ಎಂಬುದು ಕಣ್ಣಿನ ಲೆಕ್ಕ. ಬೆರಳಿಗೆ ಅವು ಎರಡು ಬೇರೆ ಅಳತೆಯ ದೋಣಿಗಳು, ಅಷ್ಟೆ. ಪುಟಕ್ಕೆ ಒಂದೇ ವಸ್ತು ಇಡಿ. ಬಂಗಡೆಯಾದರೆ ತಲೆ, ರೆಕ್ಕೆ, ಬಾಲ ಸಾಕು. ಅಲೆ, ಮೋಡ, ತೆಂಗಿನಮರ ಎಲ್ಲ ಹೊರಗೆ. ರಂಪಣಿ ಬಲೆಯ ಕಥೆಗೆ ಬಲೆಯ ತುಂಡನ್ನೇ ಅಂಟಿಸಿ. ಮಾದರಿಯನ್ನು ಕಣ್ಣು ಕಾಣದ ಮಗುವಿನ ಕೈಗೇ ಕೊಟ್ಟು ನೋಡಿ. ಕಣ್ಣು ಮುಚ್ಚಿಕೊಂಡು ನೀವೇ ಮುಟ್ಟಿ ನೋಡಿದ್ದು ಪರೀಕ್ಷೆಯಲ್ಲ, ಚಿತ್ರ ನಿಮಗೆ ಮೊದಲೇ ಗೊತ್ತಿದೆ.

ಬೆರಳು ಬಿಗಿಯಾದ ಮಕ್ಕಳಿಗಾಗಿ ದಪ್ಪ ರಟ್ಟಿನ ಹಾಳೆ ಬಳಸಿ, ಪುಟ ತಿರುವಲು ಸುಲಭವಾಗುವಂತೆ ಅಂಚಿಗೆ ಐಸ್‌ಕ್ಯಾಂಡಿ ಕಡ್ಡಿ ಅಂಟಿಸಿ.

ಮಾಡಬಾರದ್ದು

ಬಣ್ಣವೊಂದನ್ನೇ ನಂಬಿ ಪ್ರಶ್ನೆ ಕೇಳಬೇಡಿ. ಚಿತ್ರದ ಮೇಲೆ ಅಕ್ಷರ ಹಾಕಬೇಡಿ. ಪ್ರಾಸದ ಮೇಲೆಯೇ ಕಥೆ ನಿಲ್ಲಿಸಬೇಡಿ, ಕಿವಿ ಕೇಳದ ಮಗುವಿಗೆ ಅಲ್ಲಿ ಏನೂ ಉಳಿಯುವುದಿಲ್ಲ.

ಮಿರುಗುವ ಲ್ಯಾಮಿನೇಷನ್ ಬೇಡ. ಕಿಟಕಿಯ ಬೆಳಕು ಅದರಲ್ಲಿ ಹೊಳೆದರೆ ಮಂದದೃಷ್ಟಿಯ ಮಗುವಿಗೆ ಪುಟವೇ ಮಾಯ. ಕಬ್ಬಿಣದ ಪಿನ್ನು, ತಂತಿಯ ಬೈಂಡಿಂಗೂ ಬೇಡ: ನಮ್ಮ ಕಡಲ ಗಾಳಿಗೆ ತುಕ್ಕು ಹಿಡಿದು ಬೆರಳಿಗೆ ಚುಚ್ಚುತ್ತದೆ. ಬ್ರೈಲ್ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಲೇಬಾರದು. ಮಳೆಗಾಲದ ತೇವಕ್ಕೆ ಮೆತ್ತಗಾದ ಕಾಗದದ ಚುಕ್ಕೆಗಳು ಭಾರಕ್ಕೆ ಚಪ್ಪಟೆಯಾಗುತ್ತವೆ. ನಿಲ್ಲಿಸಿಡಿ.

ಕಥೆಯ ಕೊನೆಗೆ ಕುಂಟು ಹುಡುಗನನ್ನು ಓಡಿಸಬೇಡಿ, ಕುರುಡಿಗೆ ಕಣ್ಣು ಬರಿಸಬೇಡಿ. ಗಾಲಿಕುರ್ಚಿಯ ಹುಡುಗಿ ಅಂಕೋಲೆಯ ಪೇಟೆಯಲ್ಲಿ ಕರಿ ಈಶಾಡು ಮಾವಿನಹಣ್ಣಿಗೆ ಚೌಕಾಶಿ ಮಾಡಲಿ, ಜಗಳವನ್ನೂ ಆಡಲಿ. ಹನ್ನೆರಡು ವರ್ಷದ ಹುಡುಗನಿಗೆ ಓದು ನಿಧಾನವೆಂದು ಅಂಗನವಾಡಿಯ ಪುಸ್ತಕ ಕೊಡುವುದು ಅವಮಾನ. ವಾಕ್ಯ ಸುಲಭವಿರಲಿ, ವಿಷಯ ಅವನ ವಯಸ್ಸಿನದೇ ಆಗಿರಲಿ.

ಮನೆಯಲ್ಲಿ ಕೊಂಕಣಿ ಆಡುವ ಮಗು, ಹಾಲಕ್ಕಿ ಕೇರಿಯ ಮಗು ಪುಸ್ತಕದ ಕನ್ನಡದಲ್ಲಿ ತಡವರಿಸಿದರೆ ಅದನ್ನು ಕಲಿಕೆಯ ದೋಷವೆಂದು ಬರೆದಿಡಬೇಡಿ. ಮೊದಲು ನಿಮ್ಮ ವಾಕ್ಯವನ್ನು ತಿದ್ದಿ.

ಹಕ್ಕುಸ್ವಾಮ್ಯದ ನೆಪ ಹೇಳಬೇಡಿ. ಅಂಗವಿಕಲರ ಓದಿಗಾಗಿ, ಲಾಭವಿಲ್ಲದೆ, ಪುಸ್ತಕದ ರೂಪ ಬದಲಿಸಲು 2012ರ ತಿದ್ದುಪಡಿಯೇ ಅವಕಾಶ ಕೊಟ್ಟಿದೆ.

ಮಾದರಿ ಪ್ರತಿಯನ್ನು ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಒಯ್ದು ಸಮನ್ವಯ ಶಿಕ್ಷಣದ ಶಿಕ್ಷಕರಿಗೆ ತೋರಿಸಿ. ಅವರೂ ಮಕ್ಕಳೂ ಮುಟ್ಟದ ಪುಸ್ತಕ ಅಚ್ಚಿಗೆ ಹೋಗಕೂಡದು.