ನೀತಿ ಓದಿದವರಿಗೆ ಸಂಬಳ ಯಾರು ಕೊಡ್ತಾರೆ?

ಪ್ರಶ್ನೆ: ಜೆನೆಟಿಕ್ಸ್‌ನಲ್ಲಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೇನೆ. ಊರು ಸಾಗರದ ಹತ್ತಿರ. ನನಗೆ ಲ್ಯಾಬ್‌ಗಿಂತ ಬಯೋಎಥಿಕ್ಸ್ ಇಷ್ಟ. ‘ನೀತಿ ಓದಿದವರಿಗೆ ಸಂಬಳ ಯಾರು ಕೊಡ್ತಾರೆ?’ ಅಂತ ಅಪ್ಪ ಕೇಳುತ್ತಾರೆ. ತಂಗಿಯ ಓದಿನ ಖರ್ಚೂ ಇದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಅಪ್ಪನ ಪ್ರಶ್ನೆ ಸರಿಯಾಗಿಯೇ ಇದೆ. ‘ಬಯೋಎಥಿಸಿಸ್ಟ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ನಮ್ಮಲ್ಲಿ ತೀರಾ ಅಪರೂಪ. ಕೆಲಸವೇನೋ ಇದೆ, ಬೇರೆ ಹುದ್ದೆಗಳ ಹೆಸರಿನಲ್ಲಿ. 2019ರ ನಿಯಮಗಳ ಪ್ರಕಾರ ಹೊಸ ಔಷಧದ ಪ್ರಯೋಗಕ್ಕೆ ನೋಂದಾಯಿತ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕೇ ಬೇಕು. ಕಮಿಟಿಯಲ್ಲಿ ಕನಿಷ್ಠ 7 ಮಂದಿ. ಅವರಲ್ಲೊಬ್ಬರು ಜನಸಾಮಾನ್ಯರ ಪರವಾಗಿ ಕೂರುವವರು. ಆದರೆ ಸದಸ್ಯತ್ವವನ್ನೇ ನಂಬಿ ಮನೆ ನಡೆಸಲಾಗದು. ತಿಂಗಳ ಸಂಬಳ ಇರುವುದು ಕಮಿಟಿಯ ಕಚೇರಿ ನೋಡಿಕೊಳ್ಳುವವರಿಗೆ.

ನಿಮ್ಮ ಓದಿಗೆ ಇನ್ನೂ ಚೆನ್ನಾಗಿ ಹೊಂದುವುದು ಜೆನೆಟಿಕ್ ಕೌನ್ಸೆಲಿಂಗ್. ಅಲ್ಲಿ ನೀತಿಯ ಪ್ರಶ್ನೆ ಪುಸ್ತಕದಲ್ಲಿ ಕೂತಿರುವುದಿಲ್ಲ. ಒಂದು ಮಗುವಿಗೆ ಥಲಸ್ಸೀಮಿಯಾ ಅಂದುಕೊಳ್ಳಿ. ಮುಂದಿನ ಬಸಿರಿಗೆ ಮುಂಚೆ ಅಪ್ಪ–ಅಮ್ಮ ಇಬ್ಬರ ರಕ್ತವನ್ನೂ ಪರೀಕ್ಷಿಸಿದ್ದಾರೆ. ತಾಯಿ ವಾಹಕಿ, ತಂದೆ ಅಲ್ಲ. ಈ ಕಾಯಿಲೆ ಬರಲು ಸಾಮಾನ್ಯವಾಗಿ ಇಬ್ಬರೂ ವಾಹಕರಾಗಿರಬೇಕು; ಅಂದರೆ ಮಗುವಿನ ತಂದೆ ಬೇರೆಯವರಿರಬಹುದು. ವರದಿ ನಿಮ್ಮ ಕೈಯಲ್ಲಿದೆ. ಗಂಡ ಹೆಂಡತಿ ಹೊರಗೆ ಬೆಂಚಿನ ಮೇಲೆ, ಜೊತೆಗೆ ಅತ್ತೆಯೂ ಬಂದಿದ್ದಾರೆ. ಮಾದರಿಗಳು ಅದಲುಬದಲಾಗಿವೆಯೇ ಎಂದು ಲ್ಯಾಬ್‌ಗೆ ಮೊದಲು ಕೇಳಬೇಕು. ಆಗಿಲ್ಲ ಅಂದರೆ? ಎಲ್ಲರ ಎದುರೇ ಹೇಳುತ್ತೀರಾ, ಆಕೆಯೊಬ್ಬಳನ್ನೇ ಒಳಗೆ ಕರೆಯುತ್ತೀರಾ? ‘ಇಂಥದ್ದೂ ಗೊತ್ತಾಗಬಹುದು, ಆದರೆ ಹೇಳಬೇಕೇ?’ ಎಂದು ರಕ್ತ ತೆಗೆಯುವ ಮುನ್ನ ಯಾರಾದರೂ ಕೇಳಿದ್ದರೇ? ಈ ಕೊನೆಯ ಪ್ರಶ್ನೆಯನ್ನು ಮರೆತ ಕಡೆಯೇ ಸಂಸಾರಗಳು ಒಡೆಯುವುದು.

ಸಾಗರದ ಕಡೆಯವರಿಗೆ ಹಂದಿಗೋಡು ಕಾಯಿಲೆಯ ಬಗ್ಗೆ ನಾನು ಹೇಳಬೇಕಿಲ್ಲ. ಕೀಲುಗಳನ್ನು ಸವೆಸುವ ಈ ಆನುವಂಶಿಕ ಕಾಯಿಲೆಯ ಅಧ್ಯಯನ 1970ರ ದಶಕದಲ್ಲೇ ಶುರುವಾಯಿತು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ರಕ್ತ ಕೊಟ್ಟವರಿಗೆ ಫಲಿತಾಂಶ ತಿಳಿಸುವುದು ಯಾರ ಹೊಣೆ? ಊರಿನ ಹೆಸರೇ ಕಾಯಿಲೆಯ ಹೆಸರಾದರೆ ಅಲ್ಲಿನ ಹೆಣ್ಣುಮಕ್ಕಳ ಮದುವೆಯ ಮಾತು ಏನಾಗುತ್ತದೆ? ಪಿಎಚ್.ಡಿ.ಗೆ ಬೇಕಾದಷ್ಟು ವಿಷಯ ನಿಮ್ಮ ತಾಲ್ಲೂಕಿನಲ್ಲೇ ಇದೆ. ದೂರದಿಂದ ಬಂದವರಿಗಿಂತ ನಿಮಗೆ ಅಲ್ಲಿನ ಭಾಷೆ, ಸಂಕೋಚ ಎರಡೂ ಗೊತ್ತು.

ಆದರೂ ಈಗಲೇ ಪೂರ್ತಿ ಧುಮುಕಬೇಡಿ. ಮೊದಲು ಆಸ್ಪತ್ರೆಯ ಜೆನೆಟಿಕ್ಸ್ ವಿಭಾಗದಲ್ಲೋ ಎಥಿಕ್ಸ್ ಕಮಿಟಿ ಕಚೇರಿಯಲ್ಲೋ ಕೆಲಸ ಹಿಡಿಯಿರಿ. ಮಂಗಳೂರಿನ ಯೆನೆಪೋಯದಲ್ಲಿ ಬಯೋಎಥಿಕ್ಸ್ ಡಿಪ್ಲೊಮಾ ಇದೆ, ಮಣಿಪಾಲದಲ್ಲಿ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲೇ ಎಂ.ಎಸ್ಸಿ. ಇದೆ. ಕೈಗೆ ನಾಲ್ಕು ಕಾಸು ಬಂದ ಮೇಲೆ ಯಾವುದು ಎಂದು ತೀರ್ಮಾನಿಸಿ. ಅಷ್ಟರೊಳಗೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಜೆನೆಟಿಕ್ಸ್ ಕುರಿತ ಅಧ್ಯಾಯವನ್ನು ಓದಿ ಮುಗಿಸಿ. ಎರಡೂ ಕೋರ್ಸ್‌ಗಳ ಶುಲ್ಕ ವಿಚಾರಿಸಿ ಒಂದು ಹಾಳೆಯಲ್ಲಿ ಬರೆದು, ಅಪ್ಪನ ಜೊತೆ ಕೂತು ಲೆಕ್ಕ ಹಾಕಿ.