ಬೋರ್ಡು ಓದುವ ಕಣ್ಣಿಗೂ ಕಾನೂನಿನ ಆಸರೆ

ಕಣ್ಣಾಸ್ಪತ್ರೆಯ ಬೋರ್ಡಿನಲ್ಲಿ ಸಣ್ಣ ಅಕ್ಷರಗಳನ್ನೂ ಓದಿದವರು ಹೊರಗೆ ಬಂದು ಮೆಟ್ಟಿಲಲ್ಲಿ ಎಡವುತ್ತಾರೆ. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವ ಎಷ್ಟೋ ಜನರ ಪಾಡು ಇದು. ಮೊದಲು ಇರುಳುಗಣ್ಣು, ಆಮೇಲೆ ವರ್ಷದಿಂದ ವರ್ಷಕ್ಕೆ ಅಂಚಿನ ನೋಟ ಸವೆದು ನಡುವಿನದಷ್ಟೇ ಉಳಿಯುತ್ತದೆ. ತಮಿಳುನಾಡಿನ ಸೇಲಂ, ಧರ್ಮಪುರಿ ಕಡೆ ಸೋದರಮಾವನಿಗೋ ಅತ್ತೆ ಮಗನಿಗೋ ಹೆಣ್ಣು ಕೊಡುವುದು ಹಳೆಯ ರೂಢಿ. ಇಂಥ ರಕ್ತಸಂಬಂಧದ ಮದುವೆಗಳಲ್ಲಿ ಈ ಕಾಯಿಲೆಯ ಕೆಲವು ಬಗೆಗಳು ಮಕ್ಕಳಿಗೆ ಇಳಿಯುವ ಸಾಧ್ಯತೆ ಹೆಚ್ಚು. ಬಿಸಿಲಿನಿಂದ ಸರ್ಕಾರಿ ಕಚೇರಿಯ ಪಡಸಾಲೆಗೆ ಕಾಲಿಟ್ಟರೆ ಇವರಿಗೆ ಕತ್ತಲು. ಒಂದೇ ಬೂದುಬಣ್ಣದ ಸಿಮೆಂಟು ಮೆಟ್ಟಿಲುಗಳಲ್ಲಿ ಒಂದರ ಅಂಚು ಎಲ್ಲಿ ಮುಗಿಯಿತು ಎಂಬುದು ಕಾಲಿಟ್ಟ ಮೇಲೆಯೇ ತಿಳಿಯುವುದು. ‘ಪೇಪರ್ ಓದ್ತೀರಲ್ಲ, ನಿಮಗೇನಾಗಿದೆ?’ ಎಂಬ ಮಾತು ಬೇರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಾಗೆ ಕೇಳುವುದಿಲ್ಲ. ಅದು ದೃಷ್ಟಿಯ ಚುರುಕಿನ ಜೊತೆ ನೋಟದ ಹರವನ್ನೂ ಅಳೆಯುತ್ತದೆ. ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿವರೆಗೆ ಇದ್ದರೆ ಮಂದದೃಷ್ಟಿ, 10ಕ್ಕಿಂತ ಕಡಿಮೆಯಾದರೆ ಅಂಧತ್ವ. ಆದ್ದರಿಂದ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಹೋದಾಗ ಹರವು ಅಳೆಯುವ ಫೀಲ್ಡ್ ಟೆಸ್ಟ್ ಮಾಡಿಸಲೇಬೇಕೆಂದು ಕೇಳಿ, ಹಳೆಯ ವರದಿಗಳನ್ನೂ ಒಯ್ಯಿರಿ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಯ (ಯುಡಿಐಡಿ) ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ವಾಸವಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರದ ಮುಂದೆ ಹಾಜರಾಗಬೇಕು. ಪ್ರಮಾಣಪತ್ರ ಇಲ್ಲವೆಂದರೆ ಪ್ರಾಧಿಕಾರ ಕಾರಣವನ್ನು ಬರಹದಲ್ಲಿ ಕೊಡಬೇಕು. 59ನೇ ಕಲಮಿನಡಿ ಮೇಲ್ಮನವಿ ಉಂಟು. ಈ ಪ್ರಮಾಣಪತ್ರ ದೇಶದೆಲ್ಲೆಡೆ ನಡೆಯುತ್ತದೆ, ಬಸ್ ಪಾಸ್ ಮಾತ್ರ ಆಯಾ ರಾಜ್ಯದ್ದು.

ಬಹಳ ಜನ ತಪ್ಪು ತಿಳಿದಿರುವುದು ಇಲ್ಲಿ: ಶೇ. 40ರಷ್ಟು ಅಂಗವಿಕಲತೆ ಇರಬೇಕೆಂಬ ಮಿತಿ ಇರುವುದು ಮೀಸಲಾತಿಯಂಥ ಸೌಲಭ್ಯಗಳಿಗೆ. ಎಡವದೆ ನಡೆಯುವ ಹಕ್ಕಿಗೆ ಅಂಥ ಮಿತಿಯಿಲ್ಲ. ಕಣ್ಣು ಪೂರ್ತಿ ಹೋಗುವ ತನಕ ಕಾಯಬೇಕಿಲ್ಲ.

ಪ್ರವೇಶಯೋಗ್ಯವಲ್ಲದ ಕಟ್ಟಡಕ್ಕೆ ನಕ್ಷೆಯ ಅನುಮತಿಯನ್ನಾಗಲಿ ಪೂರ್ಣಗೊಂಡ ಪತ್ರವನ್ನಾಗಲಿ ಕೊಡಬಾರದೆನ್ನುತ್ತದೆ ಕಾಯ್ದೆಯ 44ನೇ ಕಲಂ. 45ನೇ ಕಲಮಿನಂತೆ, ಇರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕಿತ್ತು. ನಿಯಮ ಬಂದದ್ದು 2017ರ ಜೂನ್ 15ರಂದು. ಬಸ್ ಸ್ಟ್ಯಾಂಡು, ಆಸ್ಪತ್ರೆ, ದೇವಸ್ಥಾನ, ಜನ ಬಂದುಹೋಗುವ ಖಾಸಗಿ ಅಂಗಡಿ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಆ ನಿಯಮಗಳಲ್ಲಿ ಪ್ರವೇಶಯೋಗ್ಯತೆಯ ಮಾನದಂಡ ಹೇಳುವ 15(1) ಬರೀ ಸಲಹೆಯ ಮಟ್ಟಕ್ಕೆ ಇಳಿದಿತ್ತು. ದೃಷ್ಟಿದೋಷವಿರುವ ರಾಜೀವ್ ರಾತೂರಿ 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಆ ನಿಯಮವನ್ನೇ ತಳ್ಳಿಹಾಕಿ, ಕಡ್ಡಾಯ ಮಾನದಂಡಗಳನ್ನು ರೂಪಿಸಲು ಕೇಂದ್ರಕ್ಕೆ ಹೇಳಿತು. ಅರ್ಜಿ ಬರೆಯುವಾಗ ಈ ತೀರ್ಪನ್ನು ಹೆಸರಿಸಿ.

ಅರ್ಜಿಯಲ್ಲಿ ‘ಅನುಕೂಲ ಮಾಡಿಕೊಡಿ’ ಎಂದಷ್ಟೇ ಬರೆದರೆ ಕೆಲಸವಾಗುವುದಿಲ್ಲ. ಯಾವ ಬಾಗಿಲ ಎಷ್ಟನೇ ಮೆಟ್ಟಿಲು, ಯಾವ ತಾರೀಕು ಎಂದು ಫೋಟೋ ಸಹಿತ ಬರೆಯಿರಿ. ಮೆಟ್ಟಿಲ ಅಂಚಿಗೆ ಎದ್ದುಕಾಣುವ ಬಣ್ಣದ ಪಟ್ಟಿ, ಎರಡೂ ಕಡೆ ಕೈಹಿಡಿ, ಮೆಟ್ಟಿಲಿಗೆ ಮುಂಚೆ ಕಾಲಿಗೆ ತಾಗುವ ಚುಕ್ಕೆ ಟೈಲ್ಸು, ತಲೆಯೆತ್ತರದ ಬೋರ್ಡುಗಳ ತೆರವು, ಪಡಸಾಲೆಗೆ ಬೆಳಕು: ಬೇಕಾದದ್ದನ್ನೇ ಕೇಳಿ. ಕಟ್ಟಡದ ಪೂರ್ಣಗೊಂಡ ಪತ್ರದ ನಕಲನ್ನು ಆರ್‌ಟಿಐನಲ್ಲಿ ತರಿಸಿದರೆ ಕೈ ಬಲವಾಗುತ್ತದೆ.

ಸೋಮವಾರದ ಕುಂದುಕೊರತೆ ದಿನ ಕಲೆಕ್ಟರ್ ಆಫೀಸಿನಲ್ಲಿ ಅರ್ಜಿ ಕೊಟ್ಟು ರಸೀದಿ ಪಡೆಯಿರಿ. ಒಂದು ಪ್ರತಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗೆ ಕೊಡಿ. ಅವರ ಬೋರ್ಡಿನಲ್ಲಿ ‘ಮಾಟ್ರುತ್ತಿರನಾಳಿಗಳ್’ (ತಮಿಳಿನಲ್ಲಿ ಅಂಗವಿಕಲರು) ಎಂದಿರುತ್ತದೆ. ತಮಿಳು ಬರೆಯಲು ಬಾರದ ಕನ್ನಡದವರು ಹಿಂಜರಿಯಬೇಡಿ: ಸಂವಿಧಾನದ 350ನೇ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಮನವಿ ಸಲ್ಲಿಸಬಹುದು. ಜೊತೆಗೊಂದು ತಮಿಳು ಪ್ರತಿ ಇಟ್ಟರೆ ಬೇಗ ಓಡುತ್ತದೆ ಅಷ್ಟೆ.

ಅಲ್ಲಿ ಕದಲದಿದ್ದರೆ ಚೆನ್ನೈನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಏನು ಮಾಡಿದೆವೆಂದು ಸಂಬಂಧಪಟ್ಟ ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು. ಕಾಯ್ದೆ ಮೀರಿದವರಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ. ವಕೀಲರ ಖರ್ಚಿನ ಚಿಂತೆ ಬೇಡ: ಆದಾಯ ಎಷ್ಟೇ ಇರಲಿ, ಅಂಗವಿಕಲರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.